ದುಡಿಯುವವರ ಕಾಲೇಜಿನಲ್ಲೊಂದು ಪತ್ರಿಕೆ

ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂಡುವ ಹಿರಿಯರೊಬ್ಬರು ನಮಗೆ ಬಹುಕಾಲದ ಪರಿಚಿತರು. ಬೆಳಗಿನ ಕಾಫಿಗೆಂದು ನಾವು ಅಲ್ಲಿಗೆ ಹೋದಾಗಲೆಲ್ಲ, ಅಂದಿನ ನಮ್ಮ ಪತ್ರಿಕೆಯಲ್ಲಿ ನುಸುಳಿದ ತಪ್ಪುಗಳನ್ನು ಒಂದೊಂದಾಗಿ ತೋರಿಸಿಕೊಡುವುದು ಅವರ ಪದ್ಧತಿ. ಕಳೆದ ತಿಂಗಳು ಮಾತ್ರ ಅವರು ತಪ್ಪು ತೋರಿಸಲಿಲ್ಲ. ಚಿಲ್ಲರೆ ಎಣಿಸುತ್ತಿದ್ದ ಕೈಯನ್ನು ನಿಲ್ಲಿಸಿ, “ಒಂದು ಮಾತು ಕೇಳಬೇಕಿತ್ತು ಮಾರಾಯ್ರೇ,” ಎಂದರು.

ಅವರ ತಂಗಿಯ ಸಂಸಾರವು ಹಲವು ವರ್ಷಗಳಿಂದ ಅಮೇರಿಕೆಯ ಕ್ಯಾಲಿಫೋರ್ನಿಯದಲ್ಲಿ ನೆಲಸಿದೆ. ತಂಗಿಯ ಮಗನು ಅಲ್ಲಿಯ ಕಮ್ಯೂನಿಟಿ ಕಾಲೇಜೊಂದಕ್ಕೆ ಸೇರಿದ್ದಾನೆ. ಲೆಕ್ಕಪತ್ರದ ವಿದ್ಯೆ ಕಲಿಯಹೋದ ಹುಡುಗನು ಈಗ ಪತ್ರಿಕೋದ್ಯಮದ ತರಗತಿಗೆ ಹೆಸರು ಬರೆಸಿ, ಕಾಲೇಜಿನ ವಿದ್ಯಾರ್ಥಿ ಪತ್ರಿಕೆಗೆ ಬಾತ್ಮೀದಾರನಾಗಿದ್ದಾನೆ. ತಾಯಿಯು ಫೋನಿನಲ್ಲಿ ಅತ್ತಳಂತೆ.

“ಓದಲಿಕ್ಕೆ ಕಳಿಸಿದರೆ ಅಳಿಯ ಪೇಪರು ಮಾಡುತ್ತಾನಂತೆ. ನೀವು ಆ ಕಸುಬಿನವರು, ನೀವೇ ಹೇಳಿ. ಇದರಲ್ಲಿ ಹೊಟ್ಟೆ ತುಂಬುತ್ತದೋ? ಇದನ್ನು ಕಾಲೇಜಿನಲ್ಲಿ ಕಲಿಸಲಿಕ್ಕೆ ಉಂಟೋ?”

ಮೊದಲನೆಯ ಪ್ರಶ್ನೆಗೆ ನಮ್ಮ ಸವೆದ ಕಾಲರನ್ನು ನೋಡಿಯೇ ಅವರು ಉತ್ತರವನ್ನು ಕಂಡುಕೊಳ್ಳಬಹುದಿತ್ತು. ಎರಡನೆಯದು ನಿಂತ ಕಾಲಿನಲ್ಲಿ ಉತ್ತರಿಸುವಂತಹುದಾಗಿರಲಿಲ್ಲ. ಆದ್ದರಿಂದ ಬರೆದು ತಿಳಿಸುವುದಾಗಿ ಹೇಳಿ ಬಂದೆವು. ಈ ಲೇಖನವು ಮುಖ್ಯವಾಗಿ ಅವರಿಗಾಗಿ. ಇತರ ವಾಚಕರೂ ಓದಬಹುದು.

ಕಮ್ಯೂನಿಟಿ ಕಾಲೇಜು ಎಂದರೇನೆಂಬುದನ್ನು ನಮ್ಮ ಜನರಿಗೆ ತಿಳಿಸುವುದು ಕಷ್ಟವಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕುಳಿತು ಮೆಟ್ರಿಕ್ ಮುಗಿಸಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆ ರಾತ್ರಿಶಾಲೆಗೆ ಸರಕಾರದ ಕಟ್ಟಡ, ದೊಡ್ಡ ಗ್ರಂಥಾಲಯ, ಪ್ರಯೋಗಶಾಲೆ, ಹಗಲೂ ರಾತ್ರಿಯೂ ತರಗತಿಗಳು ಇದ್ದು, ಮೆಟ್ರಿಕ್ಕಿನ ಮುಂದಿನ ಎರಡು ವರ್ಷಗಳ ಕಾಲೇಜು ಶಿಕ್ಷಣವನ್ನು ಅದು ಕೊಡುವಂತಿದ್ದರೆ ಹೇಗಿರುತ್ತಿತ್ತೋ, ಕಮ್ಯೂನಿಟಿ ಕಾಲೇಜು ಹೆಚ್ಚುಕಡಿಮೆ ಹಾಗಿದೆ. ಎರಡು ವರ್ಷ ಅಲ್ಲಿ ಓದಿ, ಪಡೆದ ಗಣನೆಯನ್ನು ಹೊತ್ತುಕೊಂಡು ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಅಥವಾ ದಾದಿಯ ಕೆಲಸವನ್ನೋ, ಮೋಟಾರು ದುರಸ್ತಿಯನ್ನೋ, ಅಡಿಗೆಯನ್ನೋ ಕಲಿತು ನೇರವಾಗಿ ಉದ್ಯೋಗಕ್ಕೆ ಹೋಗಬಹುದು.

ಇಂತಹ ಕಾಲೇಜುಗಳಲ್ಲಿ ಅತ್ಯಂತ ಹಳೆಯ ಸಾರ್ವಜನಿಕ ಸಂಸ್ಥೆಯು ಶಿಕಾಗೋ ನಗರದ ಸಮೀಪದ ಜೋಲಿಯೆಟ್ ಎಂಬ ಊರಿನಲ್ಲಿದೆ. ಅದು 1901ರಲ್ಲಿ ಆರಂಭವಾದಾಗ ಇದ್ದ ವಿದ್ಯಾರ್ಥಿಗಳು ಕೇವಲ 6 ಮಂದಿ. ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ಶಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರೂ ಕೂಡಿ ಮಾಡಿದ ಏರ್ಪಾಡು ಅದು. ಊರು ಬಿಟ್ಟು ಹೋಗಲಾರದ ಮಕ್ಕಳಿಗೆ ಊರಿನಲ್ಲಿಯೇ ಎರಡು ವರ್ಷದ ಓದು ದೊರೆಯಲಿ ಎಂಬುದು ಅದರ ಉದ್ದೇಶ. ಎರಡನೆಯ ಮಹಾಯುದ್ಧದ ತರುವಾಯ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು 1947ರಲ್ಲಿ ಇಂತಹ ಕಾಲೇಜುಗಳು ದೇಶದಾದ್ಯಂತ ಹಬ್ಬಬೇಕೆಂದು ಶಿಫಾರಸು ಮಾಡಿತು. ಕಮ್ಯೂನಿಟಿ ಕಾಲೇಜು ಎಂಬ ಹೆಸರು ರೂಢಿಗೆ ಬಂದುದು ಆ ವರದಿಯಿಂದಲೇ. ಈಗ ಕ್ಯಾಲಿಫೋರ್ನಿಯ ರಾಜ್ಯವೊಂದರಲ್ಲಿಯೇ 116 ಕಾಲೇಜುಗಳಿವೆ.

ಶುಲ್ಕದ ವಿಷಯವನ್ನು ನಮ್ಮ ಹಿರಿಯರು ಅವಶ್ಯವಾಗಿ ಕೇಳುವರು. ಆ ರಾಜ್ಯದ ನಿವಾಸಿಗಳಿಗೆ ಗಣನೆಯೊಂದಕ್ಕೆ 46 ಡಾಲರು ಎಂದು 2012ರಲ್ಲಿ ಗೊತ್ತಾದ ದರವೇ ನಡೆದುಬಂದಿದೆ. ಮೂರು ಗಣನೆಗಳ ಒಂದು ಪಾಠಕ್ಕೆ 138 ಡಾಲರು. ಪದವಿಗೆ ಬೇಕಾಗುವ 60 ಗಣನೆಗಳಿಗೆ ಒಟ್ಟು 2,760 ಡಾಲರು. ವರಮಾನ ಕಡಿಮೆಯಿದ್ದವರಿಗೆ ಈ ಶುಲ್ಕವೂ ಮಾಫಿಯಾಗುತ್ತದೆ. ಪುಸ್ತಕ, ಊಟ, ಮನೆಬಾಡಿಗೆಗಳ ಖರ್ಚೇ ದೊಡ್ಡದು. ಆದ್ದರಿಂದಲೇ ಅಲ್ಲಿಯ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ದುಡಿಯುವವರು. ಬೆಳಿಗ್ಗೆ ತರಗತಿಯಲ್ಲಿ ಟಿಪ್ಪಣಿ ಬರೆದವನು ಸಂಜೆ ಹೋಟೆಲಿನ ಮೇಜು ಒರೆಸುತ್ತಿರುತ್ತಾನೆ. ಮಕ್ಕಳನ್ನು ಶಾಲೆಗೆ ಬಿಟ್ಟು ತಾನೂ ಪಾಠಕ್ಕೆ ಬಂದು ಕೂಡುವ ತಾಯಿಯೂ ಅಲ್ಲಿ ಉಂಟು.

ಇಂತಹವರು ಕೂಡಿ ಪತ್ರಿಕೆಯೊಂದನ್ನು ನಡೆಸುತ್ತಾರೆಂಬುದೇ ನಮಗೆ ಆಶ್ಚರ್ಯಕರವಾದ ಸಂಗತಿ. ಹಾರ್ವರ್ಡಿನಂತಹ ಸಿರಿವಂತ ವಿದ್ಯಾಪೀಠದಲ್ಲಿ 1873ರಿಂದ ವಿದ್ಯಾರ್ಥಿ ಪತ್ರಿಕೆ ನಡೆದುಬಂದಿದೆ ಎಂದರೆ ಆಶ್ಚರ್ಯವಿಲ್ಲ. ಅಲ್ಲಿಯವರಿಗೆ ಹೊತ್ತು ಉಂಟು. ಸಾಂತಾ ಮೋನಿಕಾದ ‘ಕೋರ್ಸೇರ್’, ಸಾನ್‌ಫ್ರಾನ್ಸಿಸ್ಕೋದ ‘ಗಾರ್ಡ್ಸ್‌ಮನ್’, ಲಾಸ್ ಏಂಜಲಿಸಿನ ‘ಕೊಲೀಜಿಯನ್’ ಮೊದಲಾದವುಗಳನ್ನು ನಡೆಸುವವರು ಮನೆ, ಕೆಲಸ, ಪಾಠಗಳ ನಡುವೆ ಉಳಿದ ಹೊತ್ತಿನಲ್ಲಿ ನಡೆಸುತ್ತಾರೆ. ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಕಾಲೇಜನ್ನೇ ಬಿಟ್ಟು ಹೋಗುವುದರಿಂದ, ಸಂಪಾದಕನಿಗೆ ಕೆಲಸ ಕೈಗೆ ಹತ್ತುವಷ್ಟರಲ್ಲಿ ಅವನ ಅವಧಿ ಮುಗಿದಿರುತ್ತದೆ.

ಪತ್ರಿಕೆಯು ಅಲ್ಲಿ ಸಾಮಾನ್ಯವಾಗಿ ಪಾಠದ ಅಂಗವೇ ಆಗಿರುತ್ತದೆ. ಮೊದಲು ವಾರ್ತಾಲೇಖನದ ಪ್ರವೇಶ ಪಾಠ. ಅನಂತರ ಪತ್ರಿಕೆಯ ಕೊಠಡಿಯಲ್ಲಿ ಕೆಲಸ. ಆ ಕೆಲಸಕ್ಕೂ ಗಣನೆಯುಂಟು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಅಕ್ಷರಾಭ್ಯಾಸದಂತೆ ಮೊದಲ ವಾರದಲ್ಲಿಯೇ ತಿದ್ದಿಸುತ್ತಾರೆ. ಮುಖ್ಯವಾದುದನ್ನು ಮೊದಲ ವಾಕ್ಯದಲ್ಲಿ ಹೇಳಿ, ಮಿಕ್ಕುದನ್ನು ಮಹತ್ವದ ಇಳಿಕೆಯಲ್ಲಿ ಜೋಡಿಸಬೇಕು. ಸ್ಥಳ ಸಾಲದೆ ಬಂದರೆ ಸಂಪಾದಕನು ಬುಡದಿಂದ ಕತ್ತರಿಸುತ್ತ ಬಂದರೂ ತಲೆ ಉಳಿಯುವಂತಿರಬೇಕು. ನಮ್ಮ ಹೋಟೆಲಿನ ಮಾಣಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಗಿರಾಕಿಯು ಬಂದು ಕುಳಿತ ಬಗೆ, ಆಡಿದ ಮಾತು, ಮಳೆಯ ಸಮಾಚಾರ ಇದಾವುದನ್ನೂ ಹೇಳದೆ, ಮೊದಲು “ಎರಡು ಸಾದಾ, ಒಂದು ಮಸಾಲೆ” ಎಂದು ಒಳಗೆ ಕೂಗುವವನು ಅವನು.

ಆದರೆ ಬರವಣಿಗೆಯ ಈ ಅಂಗಸಾಧನೆಗಿಂತ ಕಷ್ಟವಾದುದು ಕೇಳುವ ವಿದ್ಯೆ. ಇಪ್ಪತ್ತು ವರ್ಷದ ಹುಡುಗನು ಕಾಲೇಜಿನ ಹಿರಿಯ ಅಧಿಕಾರಿಯ ಕೋಣೆಗೆ ಹೋಗಿ, ಕೈಯಲ್ಲಿ ಟಿಪ್ಪಣಿ ಪುಸ್ತಕವನ್ನು ಹಿಡಿದು, “ಸ್ವಾಮೀ, ಈ ಹಣವು ಎಲ್ಲಿಗೆ ಹೋಯಿತು?” ಎಂದು ವಿನಯದಿಂದ ಕೇಳಬೇಕು, ಉತ್ತರವನ್ನು ಆಡಿದವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು, ಹೆಸರಿನ ಕಾಗುಣಿತವನ್ನು ಅವರೆದುರಿಗೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹೆಸರೊಂದು ತಪ್ಪಿದರೆ ಇಡೀ ವರದಿಗೆ ಸೊನ್ನೆ ಕೊಡುವ ಶಿಕ್ಷಕರು ಅಲ್ಲಿ ವಿರಳವಲ್ಲ. (ಈ ನಿಯಮವು ನಮ್ಮ ಕಚೇರಿಯಲ್ಲಿ ಜಾರಿಗೆ ಬಂದಲ್ಲಿ ಸಂಬಳದ ದಿನ ಕೆಲವರು ಬರಿಗೈಯಲ್ಲಿ ಮನೆಗೆ ಹೋಗಬೇಕಾದೀತು. ಅವರಲ್ಲಿ ನಾವೂ ಒಬ್ಬರು.)

ವಿದ್ಯಾರ್ಥಿಯು ಹೀಗೆ ಕೇಳಲು ಅಲ್ಲಿಯ ಕಾನೂನು ಬಾಗಿಲು ತೆರೆದಿಟ್ಟಿದೆ. ಕ್ಯಾಲಿಫೋರ್ನಿಯದ ಕಮ್ಯೂನಿಟಿ ಕಾಲೇಜನ್ನು ಆಳುವ ಮಂಡಲಿಯು ಆ ಪ್ರದೇಶದ ಮತದಾರರಿಂದ ಚುನಾಯಿತವಾದುದು. ಆ ರಾಜ್ಯದಲ್ಲಿ 1953ರಿಂದ ಇರುವ ಶಾಸನದ ಪ್ರಕಾರ ಅಂತಹ ಮಂಡಲಿಗಳು ಜನರೆದುರು ಸಭೆ ಸೇರಬೇಕು. ವಿಷಯಸೂಚಿಯನ್ನು 72 ಗಂಟೆ ಮುಂಚಿತವಾಗಿ ಪ್ರಕಟಿಸಬೇಕು. ಕಾಲೇಜಿನ ಕಾಗದಪತ್ರಗಳನ್ನು ತೋರಿಸಿರೆಂದು ಕೇಳುವ ಹಕ್ಕೂ ಸಾಮಾನ್ಯ ಪ್ರಜೆಗೆ ಉಂಟು. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿ ಬಾತ್ಮೀದಾರನನ್ನು ಏಳು ಎನ್ನುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಪತ್ರಿಕೆಗೆ ಒಬ್ಬ ಅಧ್ಯಾಪಕನು ಸಲಹೆಗಾರನಾಗಿರುತ್ತಾನೆ. ಅವನ ಸ್ಥಾನ ವಿಚಿತ್ರವಾದುದು. ಅವನಿಗೆ ಸಂಬಳ ಕೊಡುವುದು ಕಾಲೇಜು. ಅವನ ಶಿಷ್ಯರು ಬರೆಯುವುದು ಕಾಲೇಜಿನ ಮೇಲೆ. ಬಂದ ವರದಿಯನ್ನು ತಡೆಯುವ ಅಧಿಕಾರ ಅವನಿಗಿಲ್ಲ, ಇರಬಾರದು ಕೂಡ. ಅಚ್ಚಾದ ತರುವಾಯ ಕೆಂಪು ಮಸಿಯಿಂದ ತಪ್ಪುಗಳನ್ನು ಗುರುತಿಸಿ ಗೋಡೆಗೆ ಅಂಟಿಸುವುದಷ್ಟೇ ಅವನ ಪಾಲಿನ ಶಿಕ್ಷಣ. ಶಿಷ್ಯನು ಎಡವುವುದನ್ನು ಕಂಡೂ ಕೈ ಹಿಡಿಯದೆ ನಿಲ್ಲುವುದು ಗುರುವಿಗೆ ಎಷ್ಟು ಕಷ್ಟವೆಂಬುದನ್ನು ಪಾಠ ಹೇಳಿದವರು ಬಲ್ಲರು.

ಇಷ್ಟು ಸ್ವಾತಂತ್ರ್ಯವು ಅಮೇರಿಕೆಯ ವಿದ್ಯಾರ್ಥಿಗಳೆಲ್ಲರಿಗೂ ಇದೆಯೆಂದು ತಿಳಿಯಬಾರದು. ಮಿಸೌರಿ ರಾಜ್ಯದ ಹೇಜಲ್‌ವುಡ್ ಎಂಬಲ್ಲಿಯ ಪ್ರೌಢಶಾಲೆಯೊಂದರಲ್ಲಿ 1983ರಲ್ಲಿ ವಿದ್ಯಾರ್ಥಿಗಳು ಬಾಲಕಿಯರ ಗರ್ಭಧಾರಣೆಯನ್ನೂ ತಂದೆತಾಯಿಗಳ ವಿವಾಹವಿಚ್ಛೇದವನ್ನೂ ಕುರಿತು ಬರೆದರು. ಮುಖ್ಯೋಪಾಧ್ಯಾಯರು ಆ ಎರಡು ಪುಟಗಳನ್ನೇ ತೆಗೆಯಿಸಿದರು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ 1988ರಲ್ಲಿ ತೀರ್ಮಾನವಾಯಿತು. ಪಾಠದ ಅಂಗವಾಗಿ ಶಾಲೆಯೇ ಹೊರಡಿಸುವ ಪತ್ರಿಕೆಯನ್ನು, ಶಿಕ್ಷಣಕ್ಕೆ ಸಂಬಂಧಿಸಿದ ನ್ಯಾಯವಾದ ಕಾರಣವಿದ್ದರೆ, ಶಾಲೆಯವರು ತಿದ್ದಬಹುದೆಂದು ನ್ಯಾಯಾಲಯ ಹೇಳಿತು. ಕಾಲೇಜುಗಳಿಗೂ ಈ ಮಾತು ಅನ್ವಯಿಸುವುದೇ ಎಂಬುದನ್ನು ಅದು ಅಂದು ತೀರ್ಮಾನಿಸದೆ ಬಿಟ್ಟಿತು. ಕ್ಯಾಲಿಫೋರ್ನಿಯವು ತನ್ನದೇ ಶಾಸನಗಳಿಂದ ವಿದ್ಯಾರ್ಥಿ ಪತ್ರಿಕೆಗಳಿಗೆ ಹೆಚ್ಚಿನ ರಕ್ಷಣೆಯನ್ನಿತ್ತಿದೆ.

ಶಾಸನವಿದ್ದ ಮಾತ್ರಕ್ಕೆ ತೊಂದರೆ ತಪ್ಪಿತೆಂದಲ್ಲ. ಮೆಕ್ಸಿಕೋ ಗಡಿಗೆ ಸಮೀಪವಾದ ಚೂಲಾ ವಿಸ್ತಾ ಎಂಬ ಊರಿನಲ್ಲಿ ಸೌತ್‌ವೆಸ್ಟರ್ನ್ ಕಾಲೇಜಿದೆ. ಅದರ ವಿದ್ಯಾರ್ಥಿ ಪತ್ರಿಕೆಯ ಹೆಸರು ‘ಸನ್’, ಅಂದರೆ ಸೂರ್ಯ. ಕಾಲೇಜಿನ ಕಟ್ಟಡಗಳಿಗಾಗಿ 38 ಕೋಟಿ 90 ಲಕ್ಷ ಡಾಲರುಗಳ ಸಾಲವನ್ನೆತ್ತಲು ಆ ಪ್ರದೇಶದ ಮತದಾರರು 2008ರಲ್ಲಿ ಒಪ್ಪಿಗೆಯಿತ್ತಿದ್ದರು. ಇಷ್ಟು ಹಣ ಬಂದಲ್ಲಿ ಗುತ್ತಿಗೆದಾರರೂ ಬರುವರು. ವಿದ್ಯಾರ್ಥಿಗಳು ಆಡಳಿತದ ನಡೆಯನ್ನು ಪ್ರಶ್ನಿಸಿ ಬರೆಯುತ್ತಿದ್ದರು. ಆಡಳಿತ ಮಂಡಲಿಯ ಚುನಾವಣೆ ಸಮೀಪಿಸುತ್ತಿದ್ದ 2010ರ ಸೆಪ್ಟೆಂಬರಿನಲ್ಲಿ, ಪತ್ರಿಕೆಯ ಮುದ್ರಣವನ್ನು ಆಡಳಿತವು ನಿಲ್ಲಿಸಿತು. ಬರೆದುದು ತಪ್ಪೆಂದು ಯಾರೂ ಹೇಳಲಿಲ್ಲ. ಮುದ್ರಣದ ಗುತ್ತಿಗೆಯ ಬಗ್ಗೆ ಇದ್ದ ಹಳೆಯ ನಿಯಮವೊಂದನ್ನು ಹುಡುಕಿ ತೆಗೆದು ಮುಂದಿಟ್ಟರು. ಪತ್ರಿಕೆಯನ್ನು ಮುಚ್ಚಿಸಲು ಮಾತಿನ ಮೇಲೆ ಕೈ ಹಾಕಬೇಕಾಗಿಲ್ಲ, ಕಾಗದದ ಬಿಲ್ಲಿನ ಮೇಲೆ ಕೈಯಿಟ್ಟರೆ ಸಾಕು ಎಂಬುದು ಈ ಕಸುಬಿನವರಿಗೆಲ್ಲ ತಿಳಿದ ಸಂಗತಿ. ವಿದ್ಯಾರ್ಥಿಗಳು ಬೇರೆ ಕಡೆಯಿಂದ ಹಣ ಕೂಡಿಸಿ ಪತ್ರಿಕೆಯನ್ನು ಅಚ್ಚು ಹಾಕಿಸಿಯೇ ಬಿಟ್ಟರು. ಮುಂದೆ 2012ರಲ್ಲಿ ಜಿಲ್ಲೆಯ ಸರಕಾರಿ ವಕೀಲರು, ಗುತ್ತಿಗೆದಾರರಿಂದ ಊಟ ಉಡುಗೊರೆಗಳನ್ನು ಪಡೆದು ಮರೆಮಾಚಿದರೆಂದು ಆ ಭಾಗದ ಹಲವು ವಿದ್ಯಾಸಂಸ್ಥೆಗಳ ಆಡಳಿತಗಾರರ ಮೇಲೆ ಮೊಕದ್ದಮೆ ಹೂಡಿದರು. ಈ ಕಾಲೇಜಿನವರೂ ಅವರಲ್ಲಿದ್ದರು. ತರುವಾಯ ಹಲವರು ತಪ್ಪೊಪ್ಪಿಕೊಂಡರು. ಇದನ್ನೆಲ್ಲ ವಿದ್ಯಾರ್ಥಿ ಪತ್ರಿಕೆಯೇ ಮಾಡಿತೆಂದು ನಾವು ಹೇಳುವುದಿಲ್ಲ. ಆದರೆ ಅಂದು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಬರೆದುಕೊಂಡವರಲ್ಲಿ ಆ ಹುಡುಗರೂ ಇದ್ದರು.

ಈಗ ಹಿರಿಯರ ಎರಡನೆಯ ಪ್ರಶ್ನೆಗೆ ಬರುವ. ಪತ್ರಿಕೆಯ ಕಸುಬನ್ನು ಕಾಲೇಜಿನಲ್ಲಿ ಕಲಿಸಲಿಕ್ಕೆ ಉಂಟೋ? ನೂರು ವರ್ಷಗಳ ಹಿಂದೆ ಅಮೇರಿಕೆಯ ಪತ್ರಿಕಾಕರ್ತರಲ್ಲಿಯೇ ಬಹಳ ಮಂದಿ ಇಲ್ಲವೆನ್ನುತ್ತಿದ್ದರು. ಅಚ್ಚುಮೊಳೆಯ ಮಸಿ ಬೆರಳಿಗೆ ಹತ್ತಿದರೆ ವಿದ್ಯೆ ತಾನೇ ಬರುವುದೆಂಬುದು ಅವರ ವಾದ. ಉಂಟೆಂದು ಹೇಳಿದವರಲ್ಲಿ ಮುಖ್ಯನಾದ ಜೋಸೆಫ್ ಪುಲಿಟ್ಸರನ ಕಥೆಯನ್ನು ನಮ್ಮ ಹೋಟೆಲು ಬಂಧುಗಳು ಕೇಳಲೇಬೇಕು.

ಪುಲಿಟ್ಸರನು 1847ರಲ್ಲಿ ಹಂಗೇರಿಯ ಮಾಕೋ ಎಂಬ ಊರಿನಲ್ಲಿ ಹುಟ್ಟಿದವನು. 1864ರಲ್ಲಿ, ಅಂತರ್ಯುದ್ಧದ ಸೈನ್ಯಕ್ಕೆ ಸೇರುವೆನೆಂದು ಅಮೇರಿಕೆಗೆ ಬಂದನು. ಆಗ ಅವನಿಗೆ ಇಂಗ್ಲಿಷು ಸರಿಯಾಗಿ ಬಾರದು. ಯುದ್ಧ ಮುಗಿದ ಮೇಲೆ ಕೈಯಲ್ಲಿ ಕಾಸಿಲ್ಲದೆ ಸೇಂಟ್ ಲೂಯಿಸ್ ನಗರಕ್ಕೆ ಹೋದನು. ಅಲ್ಲಿ ಜರ್ಮನ್ ಮಾತನಾಡುವ ವಲಸೆಗಾರರು ಹೇರಳವಾಗಿದ್ದರು. ಆ ಭಾಷೆ ಅವನಿಗೆ ಬರುತ್ತಿತ್ತು. ಹೇಸರಗತ್ತೆಗಳನ್ನು ನೋಡಿಕೊಂಡನು. ಹೋಟೆಲಿನಲ್ಲಿ ಮಾಣಿಯ ಕೆಲಸವನ್ನೂ ಮಾಡಿದನು. ಬಿಡುವು ದೊರೆತಾಗಲೆಲ್ಲ ಊರಿನ ಮರ್ಕಂಟೈಲ್ ಗ್ರಂಥಾಲಯದಲ್ಲಿ ಕುಳಿತು ಇಂಗ್ಲಿಷನ್ನೂ ಕಾನೂನನ್ನೂ ಓದಿದನು. ಅವನಿಗೆ ಕಾಲೇಜು ಎಂದರೆ ಅದೇ. 1868ರಲ್ಲಿ ‘ವೆಸ್ಟ್‌ಲಿಷೆ ಪೋಸ್ಟ್’ ಎಂಬ ಪತ್ರಿಕೆಯು ಅವನನ್ನು ಬಾತ್ಮೀದಾರನಾಗಿ ತೆಗೆದುಕೊಂಡಿತು. ಅದು ಇಂಗ್ಲಿಷ್ ಪತ್ರಿಕೆಯಲ್ಲ. ಊರು ಬಿಟ್ಟು ಬಂದ ಜರ್ಮನರಿಗಾಗಿ ಅವರ ಭಾಷೆಯಲ್ಲಿ ಹೊರಡುತ್ತಿದ್ದ ದೈನಿಕ; ನಮ್ಮ ಈ ಪತ್ರಿಕೆಯು ನಿಮಗಾಗಿ ಹೊರಡುವಂತೆ. ಅಲ್ಲಿ ಕಸುಬು ಕಲಿತವನು 1878ರಲ್ಲಿ ಆ ನಗರದ ಎರಡು ಇಂಗ್ಲಿಷ್ ಪತ್ರಿಕೆಗಳನ್ನು ಕೂಡಿಸಿ ಒಂದು ಮಾಡಿದನು. 1883ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಗೆ ಒಡೆಯನಾದನು. ಅದನ್ನು ಬೆಳೆಸಲು ಅವನು ಹಿಡಿದ ಮಾರ್ಗಗಳೆಲ್ಲವೂ ಮೆಚ್ಚತಕ್ಕವಲ್ಲ; ಕೆರಳಿಸುವ ತಲೆಬರಹಗಳಿಗೆ ಆ ಪತ್ರಿಕೆ ಹೆಸರಾಗಿತ್ತು.

ತಾನು ಪಟ್ಟ ಪಾಡನ್ನು ಮುಂದಿನವರು ಪಡಬಾರದೆಂದೋ ಏನೋ, 1892ರಲ್ಲಿಯೇ ಅವನು ಕೊಲಂಬಿಯಾ ವಿದ್ಯಾಪೀಠಕ್ಕೆ ಪತ್ರಿಕೋದ್ಯಮದ ಶಾಲೆಯೊಂದನ್ನು ತೆರೆಯಲು ಹಣ ಕೊಡುವೆನೆಂದನು. ಅವರು ಒಲ್ಲೆನೆಂದರು. ಆ ಶಾಲೆ ತೆರೆದದ್ದು ಅವನು ತೀರಿಕೊಂಡ ಮರುವರ್ಷ, 1912ರಲ್ಲಿ. ಅಷ್ಟರಲ್ಲಿ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ವಿಲಿಯಮ್ಸ್ ಎಂಬವರು 1908ರಲ್ಲಿಯೇ ಶಾಲೆಯನ್ನು ಆರಂಭಿಸಿ, ತರಗತಿ ಶುರುವಾದ ಮೊದಲ ದಿನವೇ ವಿದ್ಯಾರ್ಥಿಗಳಿಂದ ಪತ್ರಿಕೆಯನ್ನು ಹೊರಡಿಸಿದ್ದರು. ಈಜು ಕಲಿಸುವವನು ಮೊದಲು ನೀರಿಗೆ ಇಳಿಸುವಂತೆ. ನಮ್ಮ ನಾಡಿನಲ್ಲಿಯೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಈ ವಿದ್ಯೆಯ ಪಾಠ ಆರಂಭವಾಯಿತು.

ಕೊಲಂಬಿಯಾದ ಆ ಶಾಲೆಯ ಶುಲ್ಕವು ಇಂದು ಮಾಣಿಯೊಬ್ಬನ ಸಂಬಳಕ್ಕೆ ಎಟುಕುವಂತಹುದಲ್ಲ. ಪುಲಿಟ್ಸರನೇ ಇಂದು ಮೇಜು ಒರೆಸುತ್ತಿದ್ದಿದ್ದರೆ ಅವನು ತಟ್ಟಬಹುದಾದ ಬಾಗಿಲು ಕಮ್ಯೂನಿಟಿ ಕಾಲೇಜಿನದು. ಆದ್ದರಿಂದಲೇ ನಾವು ಅದನ್ನು ಸಣ್ಣದೆಂದು ಎಣಿಸುವುದಿಲ್ಲ.

ಇನ್ನು ಹೊಟ್ಟೆಯ ಪ್ರಶ್ನೆ. ಇದರಲ್ಲಿ ಮುಚ್ಚುಮರೆ ಮಾಡುವುದು ತರವಲ್ಲ. 2005ರಿಂದ ಈಚೆಗೆ ಅಮೇರಿಕೆಯಲ್ಲಿದ್ದ ವೃತ್ತಪತ್ರಿಕೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನಿಂತುಹೋಗಿವೆ. ಜಾಹೀರಾತುಗಳು ಅಂತರಜಾಲಕ್ಕೆ ಹರಿದುಹೋದದ್ದು ಅದಕ್ಕೆ ದೊಡ್ಡ ಕಾರಣ. ವಿದ್ಯಾರ್ಥಿ ಪತ್ರಿಕೆಗಳಲ್ಲಿಯೂ ಹಲವು ಕಾಗದವನ್ನು ಬಿಟ್ಟು ಅಂತರಜಾಲದಲ್ಲಿ ಮಾತ್ರ ಹೊರಡುತ್ತಿವೆ. ಆದುದರಿಂದ ಹುಡುಗನು ಲೆಕ್ಕಪತ್ರದ ಪಾಠವನ್ನು ಬಿಡದಿರಲಿ ಎಂದೇ ನಮ್ಮ ಸಲಹೆ. ಆಯವ್ಯಯ ಪಟ್ಟಿಯನ್ನು ಓದಬಲ್ಲ ಬಾತ್ಮೀದಾರನು ನಮ್ಮ ಕಸುಬಿನಲ್ಲಿ ಅಪರೂಪ. ಕೇಳಿದುದನ್ನು ತಪ್ಪಿಲ್ಲದೆ ಬರೆಯಬಲ್ಲ ಲೆಕ್ಕಿಗನೂ ಅಷ್ಟೇ ಅಪರೂಪ. ಎರಡನ್ನೂ ಬಲ್ಲವನು ಹಸಿದಿರಲಾರನು.

ಇಷ್ಟನ್ನೂ ಬರೆದು, ಅಚ್ಚಿಗೆ ಕೊಡುವ ಮೊದಲು ಹಿರಿಯರಿಗೆ ಓದಿ ಹೇಳೋಣವೆಂದು ಮೊನ್ನೆ ಮಾಟುಂಗಾಕ್ಕೆ ಹೋದೆವು. ಅವರು ನಮ್ಮ ಕಾಗದಗಳನ್ನು ಪಕ್ಕಕ್ಕಿರಿಸಿ, ಗಲ್ಲಾದ ಒಳಗಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಊರಿಗೆ ಬಂದ ಬಂಧುಗಳ ಕೈಯಲ್ಲಿ ಅಳಿಯನು ಕಳುಹಿಸಿದ ಕಾಲೇಜು ಪತ್ರಿಕೆ ಅದು. ಒಳಪುಟದಲ್ಲಿ ಅವನ ಹೆಸರಿನ ಮೊದಲ ವರದಿ: ಕಾಲೇಜಿನ ಕ್ಯಾಂಟೀನು ಮಧ್ಯಾಹ್ನ 3 ಗಂಟೆಗೇ ಮುಚ್ಚುತ್ತದೆ, ಕೆಲಸ ಮುಗಿಸಿ ರಾತ್ರಿ ತರಗತಿಗೆ ಬರುವವರು ಹಸಿದು ಕೂಡುತ್ತಾರೆ, ನಷ್ಟವಾಗುತ್ತದೆಂದು ಆಡಳಿತದವರು ಹೇಳುತ್ತಾರೆ.

“ತಂಗಿಗೆ ಫೋನು ಮಾಡಿ ಅಳಬೇಡ ಎಂದೆ,” ಎಂದರು. ನಮಗೆ ಸಮಾಧಾನವಾಯಿತು. ಆದರೆ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ. ಕನ್ನಡಕವನ್ನು ಮೇಲೇರಿಸಿ, ಮೂವತ್ತೈದು ವರ್ಷ ಹೋಟೆಲು ನಡೆಸಿದ ಬೆರಳನ್ನು ಆ ವರದಿಯ ಮೇಲಿಟ್ಟರು.

“ನಷ್ಟ ಅಂತ ಬರೆದಿದ್ದಾನೆ. ಎಷ್ಟು ನಷ್ಟ? ಆರು ಗಂಟೆಯ ಮೇಲೆ ಎಷ್ಟು ಜನ ಬರುತ್ತಾರೆ, ಇವನು ಬಾಗಿಲಲ್ಲಿ ನಿಂತು ಎಣಿಸಿದ್ದಾನೋ? ಕ್ಯಾಂಟೀನು ಗುತ್ತಿಗೆಗೆ ಹಿಡಿದವನನ್ನು ಕೇಳಲೇ ಇಲ್ಲವಲ್ಲ. ಅವನೂ ನಮ್ಮ ಹಾಗೆ ಒಬ್ಬ ಮನುಷ್ಯ, ಅವನಿಗೂ ಹೇಳಲಿಕ್ಕೆ ಇರುತ್ತದೆ.”

ಅವನ ಸಲಹೆಗಾರ ಅಧ್ಯಾಪಕರು ಕೆಂಪು ಮಸಿಯಿಂದ ಇದನ್ನೇ ಬರೆದಿರಬಹುದೆಂದು ನಾವು ಹೇಳಿದೆವು. ಹಿರಿಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಲ್ಲಿನ ಚೀಟಿಯೊಂದನ್ನು ಹರಿದು, ಅದರ ಬೆನ್ನಿಗೆ ಪೆನ್ಸಿಲಿನಿಂದ ಪ್ರಶ್ನೆಗಳನ್ನು ಒಂದರ ಕೆಳಗೊಂದು ಬರೆಯತೊಡಗಿದರು. ರಾತ್ರಿ ಅಲ್ಲಿ ಬೆಳಗಾಗುವ ಹೊತ್ತಿಗೆ ಫೋನು ಮಾಡಿ ಹೇಳಬೇಕಂತೆ.